ಇರಕಲ್ಲಗಡದ ಹಿತ್ತಿಲ ಹೂಗಿಡಗಳು: ಒಂದು ಚಾರಿತ್ರಿಕ ವಿವೇಚನೆ

ಕನ್ನಡ ನಾಡಿನ ಹೂದೋಟಗಳ ಚರಿತ್ರೆಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ಬಗೆಯ ತೋಟಗಳನ್ನು ಮಾತ್ರ ಗಮನಿಸಿದ್ದಾರೆ. ಒಂದು, ದೇವಾಲಯಕ್ಕೆ ದತ್ತಿಯಾಗಿ ಬಿಟ್ಟ ತೋಟ. ಇನ್ನೊಂದು, ಅರಸನ ವಿಹಾರಕ್ಕಾಗಿ ಬೆಳೆಸಿದ ತೋಟ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಮೊದಲನೆಯದಕ್ಕೆ ಶಾಸನಗಳ ಆಧಾರವುಂಟು. ಎರಡನೆಯದಕ್ಕೆ ಕಾವ್ಯಗಳೂ ಪರದೇಶದ ಪ್ರವಾಸಿಗಳ ಬರಹಗಳೂ ಉಂಟು. ಆದರೆ ಇವೆರಡೂ ಅಲ್ಲದ ಮೂರನೆಯ ತೋಟವೊಂದಿದೆ. ಮನೆಯ ಹಿಂದೆ, ಬಚ್ಚಲಿನಿಂದ ಹೊರಗೆ ಹರಿಯುವ ನೀರಿನ ದಾರಿಯಲ್ಲಿ, ಗೋಡೆಯ ನೆರಳು ಬೀಳುವ ಕಡೆ, ನಾಲ್ಕು ಮಾರು ನೆಲದಲ್ಲಿ ನಿಂತಿರುವ ಐದಾರು ಹೂಗಿಡಗಳ ತೋಟವದು. ಅದನ್ನು ಯಾರೂ ದಾನ ಕೊಡಲಿಲ್ಲವಾದುದರಿಂದ ಅದಕ್ಕೆ ಶಾಸನವಿಲ್ಲ. ಅದರಲ್ಲಿ ಯಾವ ಅರಸನೂ ವಿಹರಿಸಲಿಲ್ಲವಾದುದರಿಂದ ಅದಕ್ಕೆ ವರ್ಣನೆಯೂ ಇಲ್ಲ. ಹೀಗೆಂದ ಮಾತ್ರಕ್ಕೆ ಅದಕ್ಕೆ ಚರಿತ್ರೆಯೇ ಇಲ್ಲವೆಂದು ಹೇಳಬಹುದೆ? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಒಂದು ಊರಿನ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಹೆಸರಿನಲ್ಲಿಯೇ ಗಡವನ್ನು, ಎಂದರೆ ಕೋಟೆಯನ್ನು, ಹೊತ್ತಿರುವ ಇರಕಲ್ಲಗಡವು ಕೊಪ್ಪಳ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಕೊಪ್ಪಳವು ೧೯೯೭ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ, ೧೯೪೮ರವರೆಗೆ, ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ವರ್ಷದ ಮಳೆ ಸರಾಸರಿ ಆರುನೂರು ಮಿಲಿಮೀಟರನ್ನು ಮುಟ್ಟದ ಈ ಸೀಮೆಯಲ್ಲಿ ಆ ಮಳೆಯಲ್ಲಿಯೂ ಹೆಚ್ಚಿನ ಪಾಲು ಬೀಳುವುದು ಭಾದ್ರಪದ ಆಶ್ವಯುಜಗಳ ಸುಮಾರಿನಲ್ಲಿ. ೧೯೫೩ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಪೂರ್ಣವಾದ ಮೇಲೆ ಗಂಗಾವತಿಯ ಕಡೆಯ ಬಯಲು ಭತ್ತದ ಗದ್ದೆಯಾಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಾತ್ರ ಮೊದಲಿನಂತೆ ಮಳೆಯನ್ನೇ ನಂಬಿ ಉಳಿಯಿತು.

ಈ ಭೂಮಿಯ ವಸಂತವು ಕವಿಗಳ ವಸಂತವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಚೈತ್ರ ವೈಶಾಖಗಳು ಪಂಚಾಂಗದಂತೆ ವಸಂತ ಋತು. ಬನವಾಸಿಯನ್ನು ನೆನೆದ ಪಂಪನಿಗೆ ತೆಂಕಣ ಗಾಳಿಯೂ ಅರಳಿದ ಮಲ್ಲಿಗೆಯೂ ಒಟ್ಟಿಗೆ ನೆನಪಾದುವು. ಆದರೆ ಬನವಾಸಿಯು ಮಲೆನಾಡಿನ ಅಂಚು, ವರದಾ ನದಿಯ ತೀರ. ಕೊಪ್ಪಳದ ಸೀಮೆಯಲ್ಲಿ ವೈಶಾಖವೆಂದರೆ ಬಾವಿಗಳ ತಳ ಕಾಣುವ ಕಾಲ. ಬಿಸಿಲು ನಲವತ್ತು ಡಿಗ್ರಿಯ ಆಚೆಗೆ ಏರುವ ಕಾಲ. ಯುಗಾದಿಗೆ ಬೇಕಾದ ಬೇವಿನ ಹೂವನ್ನು ಕೊಟ್ಟ ಮರವೊಂದನ್ನು ಬಿಟ್ಟರೆ ಹೊಲದಲ್ಲಿ ಕಣ್ಣಿಗೆ ಹಸುರೇ ಕಾಣದು. ಹೀಗಿದ್ದೂ ಇದೇ ತಿಂಗಳಲ್ಲಿ ಹಿತ್ತಿಲುಗಳಲ್ಲಿ ಹೂವು ಸಮೃದ್ಧಿಯಾಗಿರುತ್ತದೆ. ಮಲ್ಲಿಗೆ ಪ್ರತಿ ಸಂಜೆ ಬಿರಿಯುತ್ತದೆ. ಕೆಂಪು ಬಿಳಿ ಕಣಗಿಲೆಗಳು ಗೊಂಚಲುಗೊಂಚಲಾಗಿ ನಿಲ್ಲುತ್ತವೆ. ದಾಸವಾಳ, ನಂದಿಬಟ್ಟಲು, ಮೈಸೂರಿನ ಕಡೆಯವರು ಕನಕಾಂಬರವೆನ್ನುವ ಅಬ್ಬಲಿಗೆ, ಕಾಶಿಕಣಗಿಲೆ, ಸಂಜೆಮಲ್ಲಿಗೆ, ಇವೆಲ್ಲ ಅರಳಿರುತ್ತವೆ. ಹೊಲದಲ್ಲಿ ಏನೂ ಇಲ್ಲದ ಕಾಲದಲ್ಲಿ ಹಿತ್ತಿಲಿನಲ್ಲಿ ಇಷ್ಟೆಲ್ಲ ಇರುವುದು ಹೇಗೆ?

ಇದಕ್ಕೆ ಉತ್ತರ ಬಚ್ಚಲ ನೀರು. ಬಾವಿಯಿಂದ ಸೇದಿ ತಲೆಯ ಮೇಲೆ ಹೊತ್ತು ತಂದ ನೀರನ್ನು ಗಿಡಕ್ಕೆಂದೇ ಎರೆಯುವ ಶಕ್ತಿ ಈ ಸೀಮೆಯ ಸಾಮಾನ್ಯ ಮನೆಗೆ ಎಂದೂ ಇರಲಿಲ್ಲ. ಮೈ ತೊಳೆದ ನೀರು, ಅಕ್ಕಿ ಬೇಳೆ ತೊಳೆದ ನೀರು, ಪಾತ್ರೆ ಬೆಳಗಿದ ಬೂದಿ ನೀರು ಮಳೆಗಾಲದಲ್ಲಿ ಹೇಗೋ ಬೇಸಗೆಯಲ್ಲಿಯೂ ಹಾಗೆಯೇ ಪ್ರತಿದಿನ ಹಿತ್ತಿಲಿಗೆ ಹರಿಯುತ್ತದೆ. ಬಿಸಿಲು ಏರಿದಷ್ಟೂ ಸ್ನಾನದ ನೀರು ಹೆಚ್ಚುವುದೇ ಹೊರತು ಕಡಮೆಯಾಗುವುದಿಲ್ಲ. ಮಲ್ಲಿಗೆಯ ಗಿಡವು ಇದಕ್ಕೆ ಹೇಳಿ ಮಾಡಿಸಿದಂತಿದೆ. ಚಳಿಗಾಲದಲ್ಲಿ ಅದರ ಕುಡಿಗಳನ್ನು ಕತ್ತರಿಸಿ, ಎಲೆಯನ್ನು ಉದುರಿಸಿ, ಬುಡ ಬಿಡಿಸಿ ಗೊಬ್ಬರವಿಟ್ಟು, ಬಿಸಿಲೇರುವ ಹೊತ್ತಿಗೆ ನೀರು ಕೊಟ್ಟರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಮಲ್ಲಿಗೆಗೆ ಬಿಸಿಲೂ ಬೇಕು, ಬುಡದಲ್ಲಿ ತೇವವೂ ಬೇಕು. ವೈಶಾಖದಲ್ಲಿ ಇವೆರಡೂ ಒಟ್ಟಿಗೆ ದೊರೆಯುವ ಸ್ಥಳ ಬಚ್ಚಲ ಮೋರಿಯ ಬಾಯಿ ಒಂದೇ. ಕಣಗಿಲೆಯ ಕಾರಣ ಬೇರೆ. ಅದು ನೀರಿನ ಕೊರತೆಯನ್ನು ಸಹಿಸುವುದಲ್ಲದೆ ವಿಷದ ಗಿಡವೂ ಆದುದರಿಂದ ಆಡು ಕುರಿ ಅದಕ್ಕೆ ಬಾಯಿ ಹಾಕುವುದಿಲ್ಲ. ಬೇಲಿಯಿಲ್ಲದ ಹಿತ್ತಿಲಿನಲ್ಲಿ ಇದು ಸಣ್ಣ ಗುಣವಲ್ಲ.

ಇನ್ನು ಶಾಸನಗಳ ಕಡೆಗೆ ತಿರುಗಬಹುದು. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಪೂದೋಂಟ’ ಎಂಬ ಶಬ್ದವು ಪರಿಚಿತವಾದದ್ದು. ದೇವರ ಅಂಗಭೋಗಕ್ಕೂ ಅಷ್ಟವಿಧಾರ್ಚನೆಗೂ ಎಂದು ಬಿಟ್ಟ ಗದ್ದೆ, ಬೆದ್ದಲು, ಗಾಣ, ಮನೆಗಳ ಜೊತೆಯಲ್ಲಿ ಹೂವಿನ ತೋಟಕ್ಕೂ ಇಷ್ಟು ಮತ್ತರೆಂದು ಅಳೆದು ಕೊಟ್ಟಿರುವುದುಂಟು. ಹೂವು ಕಟ್ಟುವ ಮಾಲೆಗಾರನಿಗೆ ಜೀವಿತವನ್ನು ಕಲ್ಪಿಸಿರುವುದೂ ಉಂಟು. ಇವುಗಳಿಂದ ತಿಳಿದುಬರುವ ಮುಖ್ಯ ಸಂಗತಿಯೆಂದರೆ ಪೂದೋಂಟವು ಅಳತೆಯುಳ್ಳ, ನೀರಿನ ಆಸರೆಯುಳ್ಳ, ದುಡಿಯುವ ಆಳುಳ್ಳ ಭೂಮಿ. ಅದು ಬೇಸಾಯ, ಹಿತ್ತಿಲಲ್ಲ. ಆ ತೋಟದಲ್ಲಿ ಯಾವ ಯಾವ ಹೂವಿತ್ತೆಂಬುದನ್ನು ದಾನದ ಭಾಗವು ಸಾಮಾನ್ಯವಾಗಿ ಹೇಳುವುದಿಲ್ಲ; ದಾನ ಕೊಟ್ಟವನಿಗೂ ಬರೆದವನಿಗೂ ಅದು ಬೇಕಾಗಿರಲಿಲ್ಲ. ಅಗ್ರಹಾರದ ವರ್ಣನೆ ಬಂದಾಗ ಮಾತ್ರ ಮಲ್ಲಿಗೆ, ಜಾಜಿ, ಸಂಪಿಗೆ, ಸುರಗಿ, ಪಾದರಿಗಳ ಹೆಸರುಗಳು ಸಾಲಾಗಿ ಬರುತ್ತವೆ. ಆ ಸಾಲು ಚಂಪೂಕಾವ್ಯದಿಂದ ಬಂದದ್ದು, ತೋಟದಿಂದ ಬಂದದ್ದಲ್ಲವೆಂಬುದನ್ನು ಮರೆಯಬಾರದು. ಶಾಸನವೆಂದೊಡನೆ ಅದರ ಪ್ರತಿಯೊಂದು ಪಂಕ್ತಿಯೂ ಸಮಾನ ಪ್ರಮಾಣವೆಂದು ಭಾವಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಪೂರ್ಣವಾಗಿ ಹೋಗಿಲ್ಲ.

ಗ್ರಂಥಗಳ ಸಾಕ್ಷ್ಯವೂ ಹೀಗೆಯೇ. ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ, ಕನ್ನಡದಲ್ಲಿಯೇ ಇರುವುದರಿಂದ ಅದು ಪಂಡಿತರಲ್ಲದವರಿಗೂ ಉದ್ದೇಶಿತವಾಗಿತ್ತೆಂದು ಊಹಿಸಬಹುದು. ಮೂರನೆಯ ಸೋಮೇಶ್ವರನ (೧೧೨೭–೧೧೩೮) ‘ಮಾನಸೋಲ್ಲಾಸ’ವು ಹೂಮಾಲೆಯನ್ನು ಅರಸನ ಉಪಭೋಗಗಳಲ್ಲಿ ಒಂದಾಗಿ ಎಣಿಸಿ ವಿವರಿಸುತ್ತದೆ. ಮೊದಲನೆಯದು ಗಿಡ ಬೆಳೆಸುವ ವಿಧಾನವನ್ನು, ಎರಡನೆಯದು ಹೂವನ್ನು ಭೋಗಿಸುವ ವಿಧಾನವನ್ನು ಹೇಳುತ್ತದೆ. ಒಂದು ಒಕ್ಕಲುಮನೆಯ ಹಿತ್ತಿಲಿನಲ್ಲಿ ಹೂಗಿಡವಿತ್ತೆ ಎಂಬ ಪ್ರಶ್ನೆಗೆ ಎರಡೂ ಉತ್ತರ ಕೊಡುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಲಘುಶಿಲಾಶಾಸನಗಳಿವೆಯಷ್ಟೆ. ಗಿರ್ನಾರ್, ಎರ್ರಗುಡಿ ಮೊದಲಾದೆಡೆಗಳಲ್ಲಿರುವ ಅವನ ಎರಡನೆಯ ಶಿಲಾಶಾಸನದಲ್ಲಿ ಔಷಧದ ಗಿಡಗಳನ್ನೂ ಬೇರು ಹಣ್ಣುಗಳನ್ನೂ ಅವು ಇಲ್ಲದ ಕಡೆಗೆ ತರಿಸಿ ನೆಡಿಸಿದುದಾಗಿ ಹೇಳಿದೆ. ಗಿಡಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದು ಎಷ್ಟು ಹಳೆಯ ಕಾರ್ಯವೆಂಬುದಕ್ಕೆ ಇದು ಸಾಕ್ಷಿ. ಹೂವಿನ ಮಾತು ಮಾತ್ರ ಅಲ್ಲಿಯೂ ಇಲ್ಲ.

ಹಾಗಾದರೆ ಹೂವು ಮನೆಗೆ ಪ್ರತಿದಿನದ ಅವಶ್ಯಕತೆಯಾದದ್ದು ಯಾವಾಗ? ಇಲ್ಲಿ ನಾವು ಒಂದು ಊಹೆಯನ್ನು ವಿದ್ವಾಂಸರ ಮುಂದಿಡಬಯಸುತ್ತೇವೆ. ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಇದೇ ಸೀಮೆಯ ಇಟಗಿಯಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದನು. ‘ದೇವಾಲಯ ಚಕ್ರವರ್ತಿ’ಯೆಂದು ಹೊಗಳಿಸಿಕೊಂಡ ಆ ಗುಡಿಯಂಥ ಕಡೆಗಳಲ್ಲಿ ಪೂಜೆಯ ಹೂವಿನ ಹೊಣೆ ದತ್ತಿಯ ತೋಟದ್ದು, ಮಾಲೆಗಾರನದು; ಭಕ್ತನು ಹೂವನ್ನು ತಂದರೆ ಅದು ಅವನ ಇಚ್ಛೆ. ಇದಾದ ಅರ್ಧ ಶತಮಾನದೊಳಗಾಗಿ ಕಲ್ಯಾಣದ ಶರಣರು ಲಿಂಗವನ್ನು ಗುಡಿಯಿಂದ ಅಂಗೈಗೆ ತಂದರು. ಇಷ್ಟಲಿಂಗದ ಪೂಜೆ ದಿನದಿನವೂ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ಮಾಡಬೇಕಾದದ್ದು. ಗಂಡಸಿಗೆ ಹೇಗೋ ಹೆಂಗಸಿಗೂ ಹಾಗೆಯೇ. ಪತ್ರಿ, ಹೂವು, ವಿಭೂತಿಗಳು ಹೀಗೆ ಮನೆಮನೆಯ ನಿತ್ಯದ ಬೇಡಿಕೆಯಾದುವು. ಶರಣರಲ್ಲಿ ಹೂಗಾರ ಮಾದಯ್ಯನೆಂಬವನು ಇದ್ದುದನ್ನೂ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೂಗಾರರು ಮನೆಮನೆಗೆ ಪತ್ರಿ ಹೂವು ಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುವ ಪದ್ಧತಿ ಬೆಳೆದುದನ್ನೂ ಇದರೊಡನೆ ನೋಡಬೇಕು. ಹೂಗಾರನು ಬಾರದ ದಿನ, ಅಥವಾ ಆಯ ಕೊಡಲಾರದ ಮನೆಯಲ್ಲಿ, ಹಿತ್ತಿಲ ಗಿಡವೇ ಗತಿ. ಹಿತ್ತಿಲ ಹೂದೋಟವನ್ನು ಶರಣರೇ ಹುಟ್ಟಿಸಿದರೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಮುಂಚೆಯೂ ಮುಡಿಗೆ ಹೂವು ಬೇಕಾಗಿಯೇ ಇತ್ತು. ಬೇಕೆಂಬ ದಿನ ಇದ್ದರಾಯಿತೆಂಬ ಗಿಡವು ಪ್ರತಿದಿನವೂ ಇರಲೇಬೇಕಾದ ಗಿಡವಾಗುವುದಕ್ಕೆ ಈ ಪರಿವರ್ತನೆ ಪ್ರಬಲವಾದ ಕಾರಣವಾಗಿರಬೇಕೆಂದು ನಮ್ಮ ಅಭಿಪ್ರಾಯ.

ಹಿತ್ತಿಲಿನ ಹೂವುಗಳಲ್ಲಿ ಇಂದಿಗೂ ದೇವರಿಗೆ ಏರಿಸುವ ಹೂ, ಮುಡಿಯುವ ಹೂ ಎಂಬ ವಿಭಾಗವುಂಟು. ಕಣಗಿಲೆ, ದಾಸವಾಳ, ನಂದಿಬಟ್ಟಲುಗಳು ಮುಖ್ಯವಾಗಿ ಮೊದಲನೆಯ ವರ್ಗಕ್ಕೆ ಸೇರಿದರೆ ಮಲ್ಲಿಗೆ ಅಬ್ಬಲಿಗೆಗಳು ಎರಡಕ್ಕೂ ಸಲ್ಲುತ್ತವೆ. ಈ ವಿಭಾಗಕ್ಕೆ ಕಟುವಾದ ಇನ್ನೊಂದು ಮುಖವೂ ಇತ್ತು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಮುಡಿಯುವ ಹೂ ನಿಷಿದ್ಧವಾಗಿತ್ತು. ಗಿಡಕ್ಕೆ ನೀರೆರೆಯುವ, ಮೊಗ್ಗು ಬಿಡಿಸುವ, ಮಾಲೆ ಕಟ್ಟುವ ಕೆಲಸ ನಿಷಿದ್ಧವಾಗಿರಲಿಲ್ಲ. ಹಿತ್ತಿಲ ಚರಿತ್ರೆಯನ್ನು ಬರೆಯುವವರು ಇದನ್ನು ಬಿಟ್ಟು ಬರೆಯಲಾಗದು.

ವಿಜಯನಗರದ ಕಾಲಕ್ಕೆ ಬಂದರೆ ಆಧಾರಗಳು ಒಮ್ಮೆಗೇ ಹೆಚ್ಚುತ್ತವೆ. ಅವುಗಳೊಡನೆ ತೊಡಕೂ ಹೆಚ್ಚುತ್ತದೆ. ಹೆರಾತಿನ ಶಾರುಖನ ರಾಯಭಾರಿಯಾಗಿ ೧೪೪೩ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು ಪಟ್ಟಣದ ಪೇಟೆಗಳಲ್ಲಿ ಹೂವಿನ ಮಾರಾಟವನ್ನು ಕಂಡು, ಇಲ್ಲಿಯ ಜನಕ್ಕೆ ಅದು ಅನ್ನದಷ್ಟೇ ಅವಶ್ಯಕವೆಂದು ಬರೆದನು. ನಮ್ಮ ಪಠ್ಯಪುಸ್ತಕಗಳು ಇದನ್ನು ಆಧರಿಸಿ ವಿಜಯನಗರದಲ್ಲಿ ಎಲ್ಲೆಲ್ಲಿಯೂ ಗುಲಾಬಿ ಮಾರುತ್ತಿದ್ದರೆಂದು ಬರೆಯುತ್ತ ಬಂದಿವೆ. ಈ ಗುಲಾಬಿ ಎಲ್ಲಿಂದ ಬಂದಿತು? ೧೮೫೭ರಲ್ಲಿ ಮೇಜರ್ ಎಂಬ ವಿದ್ವಾಂಸನು ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಗುಲಾಬಿ ಎಂದೇ ಇದೆ. ಆದರೆ ಎಲಿಯಟ್ ಮತ್ತು ಡೌಸನ್ನರ ಸಂಪುಟಗಳಲ್ಲಿ ಅದೇ ವಾಕ್ಯವು ಸುವಾಸನೆಯ ಹೂವುಗಳು ಎಂಬರ್ಥದಲ್ಲಿ ಅನುವಾದವಾಗಿದೆ. ಪಾರಸಿಯ ‘ಗುಲ್’ ಶಬ್ದಕ್ಕೆ ಗುಲಾಬಿಯೆಂದೂ ಅರ್ಥ, ಹೂವೆಂದೂ ಅರ್ಥ. ಅನುವಾದಕರ ಈ ಭೇದವನ್ನು ಪರಿಶೀಲಿಸದೆ ವಿಜಯನಗರದ ಬೀದಿಗಳನ್ನೆಲ್ಲ ಗುಲಾಬಿಯಿಂದ ತುಂಬಿಸುವುದು ಸಾಹಸವೇ ಸರಿ. ತುಂಗಭದ್ರೆಯ ಬಯಲಿನಲ್ಲಿ ಬೇಸಗೆಯ ಸಂಜೆ ರಾಶಿರಾಶಿಯಾಗಿ ದೊರೆಯಬಲ್ಲ ಪರಿಮಳದ ಹೂವು ಯಾವುದೆಂದು ಕೇಳಿದರೆ ಊರಿನ ಯಾವ ಹೆಂಗಸಾದರೂ ಮಲ್ಲಿಗೆಯೆಂದೇ ಉತ್ತರಿಸಿಯಾಳು. ಗುಲಾಬಿ ಅಲ್ಲಿ ಇರಲೇ ಇಲ್ಲವೆಂಬುದು ನಮ್ಮ ವಾದವಲ್ಲ. ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ ಪಯಸನು ಅರಮನೆಯ ಒಂದು ಕೋಣೆಯಲ್ಲಿ ಆನೆಯ ದಂತದಲ್ಲಿ ಕೆತ್ತಿದ ಗುಲಾಬಿ ಮತ್ತು ತಾವರೆಗಳನ್ನು ಕಂಡುದಾಗಿ ಹೇಳಿದ್ದಾನೆ. ಕೆತ್ತಿದ ದುಂಡು ಹೂವನ್ನೆಲ್ಲ ಗುಲಾಬಿಯೆಂದು ಕರೆಯುವುದು ಯೂರೋಪಿನವರ ರೂಢಿಯೆಂಬುದನ್ನೂ ಇಲ್ಲಿ ನೆನೆಯಬೇಕು. ಕನ್ನಡದ ‘ಗುಲಾಬಿ’ ಶಬ್ದವು ಪಾರಸಿಯ ‘ಗುಲಾಬ್’ ಎಂಬುದರಿಂದ ಬಂದದ್ದು. ಅದರ ಮೂಲಾರ್ಥ ಹೂವಲ್ಲ, ಪನ್ನೀರು. ಪನ್ನೀರಿನ ಹೆಸರು ಹೂವಿಗೆ ಅಂಟಿಕೊಂಡಿರುವುದನ್ನು ನೋಡಿದರೆ ಜನಸಾಮಾನ್ಯರಿಗೆ ಗಿಡಕ್ಕಿಂತ ಮೊದಲು ಪರಿಚಯವಾದದ್ದು ಸೀಸೆಯೇ ಇರಬಹುದು.

ತುಂಗಭದ್ರೆಯ ಆಚೆಯ ದಡದ ಹೂವಿನ ಹಡಗಲಿಯ ವಿಷಯದಲ್ಲಿಯೂ ಇಂಥ ಎಚ್ಚರಿಕೆ ಬೇಕು. ಹಂಪೆಯ ವಿರೂಪಾಕ್ಷನ ಪೂಜೆಗೆ ಅಲ್ಲಿಂದ ಹಡಗಿನಲ್ಲಿ ಹೂವು ಹೋಗುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಊರಿನ ಹೆಸರಿಗೆ ‘ಪೂವಿನ’ ಎಂಬ ವಿಶೇಷಣ ಸೇರಿದುದು ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಕಂಡುಬರುವುದರಿಂದ ಅದು ವಿಜಯನಗರಕ್ಕಿಂತ ಹಳೆಯದು. ಹಡಗಲಿಯ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದರ ಕಥೆಗೆ ಆ ಮಾನ್ಯತೆಯನ್ನು ವಿಸ್ತರಿಸಬೇಕಾಗಿಲ್ಲ.

ಈಗ ನಮ್ಮ ಮುಖ್ಯ ಪ್ರಮೇಯಕ್ಕೆ ಬರೋಣ. ಹಿತ್ತಿಲಿಗೆ ಶಾಸನವಿಲ್ಲದಿದ್ದರೂ ಹೆಸರುಗಳಿವೆ. ಇರಕಲ್ಲಗಡದ ವೈಶಾಖದ ಹೂಗಳಲ್ಲಿ ಹಲವು ಈ ನೆಲದವಲ್ಲ. ಸಂಜೆಮಲ್ಲಿಗೆ ಅಮೆರಿಕ ಖಂಡದಿಂದ ಬಂದದ್ದು. ಹಳದಿ ಕಣಗಿಲೆ, ದೇವಕಣಗಿಲೆಗಳೂ ಅಲ್ಲಿಂದಲೇ ಬಂದುವು. ಕಾಶಿಕಣಗಿಲೆಗೆ ಕಾಶಿಯ ಸಂಬಂಧ ಯಾವುದೂ ಇಲ್ಲ. ಅದರ ತವರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ‘ಸೀಮೆಹುಣಸೆ’ಯ ಸೀಮೆಯಂತೆ ಇಲ್ಲಿ ಕಾಶಿಯೆಂದರೆ ದೂರದ ದೇಶವೆಂದಷ್ಟೇ ತಾತ್ಪರ್ಯ. ಅಮೆರಿಕದ ಗಿಡಗಳು ೧೪೯೨ಕ್ಕೆ ಮುಂಚೆ ಇಲ್ಲಿಗೆ ಬರುವ ಹಾಗಿರಲಿಲ್ಲ. ಪೋರ್ಚುಗೀಸರು ೧೫೧೦ರಲ್ಲಿ ಗೋವೆಯಲ್ಲಿ ನೆಲೆಯೂರಿದ ಮೇಲೆಯೇ ಅವಕ್ಕೆ ದಾರಿಯಾಯಿತೆಂದು ತಿಳಿಯಬೇಕು. ಸೋಮನಾಥಪುರದ ವಿಗ್ರಹಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂಬ ವಾದವೊಂದು ಇದಕ್ಕೆ ವಿರುದ್ಧವಾಗಿ ಹುಟ್ಟಿದೆ. ಬಹುಮಂದಿ ವಿದ್ವಾಂಸರು ಅದನ್ನು ಒಪ್ಪಿಲ್ಲ, ನಾವೂ ಒಪ್ಪುವುದಿಲ್ಲ. ಕೆಳಗಿನ ಮಿತಿ ಇದಾದರೆ ಮೇಲಿನ ಮಿತಿಗೆ ಆಧಾರ ಮಲೆಯಾಳ ದೇಶದಲ್ಲಿ ದೊರೆಯುತ್ತದೆ. ಡಚ್ಚರ ವಾನ್ ರೀಡನ, ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ‘ಹೊರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥದಲ್ಲಿ ನಮ್ಮ ಸಂಜೆಮಲ್ಲಿಗೆಯ ಚಿತ್ರವಿದೆ. ಸಂಜೆಯ ಹೂವೆಂಬರ್ಥದ ಮಲೆಯಾಳದ ಹೆಸರೂ ಅದಕ್ಕಿದೆ. ಎಂದರೆ ಹದಿನೇಳನೆಯ ಶತಮಾನದ ಕೊನೆಗೆ ಕರಾವಳಿಯಲ್ಲಿ ಅದು ಊರಿನ ಹೆಸರು ಪಡೆಯುವಷ್ಟು ಪರಿಚಿತವಾಗಿತ್ತು. ಘಟ್ಟವನ್ನು ಹತ್ತಿ ಬಯಲುಸೀಮೆಗೆ ಬಂದುದು ಸಹಜವಾಗಿ ಆ ಬಳಿಕ, ಅಥವಾ ಅದರ ಸುಮಾರಿನಲ್ಲಿ.

ಹೊಸ ಗಿಡಗಳಿಗೆ ಹೆಸರಿಟ್ಟ ಕ್ರಮವು ಗಮನಾರ್ಹವಾಗಿದೆ. ಕಣಗಿಲೆಯ ಹೆಸರನ್ನು ಪಡೆದ ಹೊಸಬರು ಮೂವರು: ಕಾಶಿಕಣಗಿಲೆ, ಹಳದಿ ಕಣಗಿಲೆ, ದೇವಕಣಗಿಲೆ. ಸಸ್ಯಶಾಸ್ತ್ರಜ್ಞರ ವರ್ಗೀಕರಣದಲ್ಲಿಯೂ ಈ ಮೂರೂ ಕಣಗಿಲೆಯ ಕುಟುಂಬಕ್ಕೇ ಸೇರಿವೆ. ಹೆಸರಿಟ್ಟವರು ಲಿನೀಯಸನನ್ನು ಓದಿದವರಲ್ಲ. ದಿನವೂ ಹೂ ಬಿಡಿಸುತ್ತ ಐದೆಸಳಿನ ತಿರುವನ್ನೂ ಎಲೆಯ ರೂಪವನ್ನೂ ಮುರಿದಾಗ ಒಸರುವ ರಸವನ್ನೂ ಕಂಡವರು. ಸಂಜೆಮಲ್ಲಿಗೆ ಮಾತ್ರ ಮಲ್ಲಿಗೆಯ ಕುಟುಂಬದ್ದಲ್ಲ. ಅದಕ್ಕೆ ಹೆಸರಿಟ್ಟದ್ದು ರೂಪವನ್ನು ನೋಡಿಯಲ್ಲ, ಅರಳುವ ಹೊತ್ತನ್ನೂ ಕಂಪನ್ನೂ ನೋಡಿ. ರೂಪ ಒಂದು, ಹೊತ್ತು ಮತ್ತೊಂದು. ಹಿತ್ತಿಲಿನ ಹೆಸರುಗಳು ಹೀಗೆ ಎರಡು ಸೂತ್ರಗಳನ್ನು ಅನುಸರಿಸಿವೆ. ಇದಕ್ಕೆ ಹೋಲಿಸಿದರೆ ಮೆಕ್ಸಿಕೋ ದೇಶದಿಂದ ಬಂದ ಇನ್ನೊಂದು ಹೂವು ‘ಸುಗಂಧರಾಜ’ವೆಂಬ ಸಂಸ್ಕೃತದ ಬಿರುದನ್ನು ಪಡೆದಿದೆ. ಈ ಹೆಸರು ಹಿತ್ತಿಲಿನದಲ್ಲ, ಪೇಟೆಯದು ಎಂದು ನಮಗೆ ತೋರುತ್ತದೆ.

ಇದರಿಂದ ಒಂದು ಉಪಯೋಗವುಂಟು. ಮಲ್ಲಿಗೆ, ಕಣಗಿಲೆ, ಸಂಪಿಗೆಗಳಂತೆ ವಿಶೇಷಣವಿಲ್ಲದ ಹೆಸರುಳ್ಳವು ಹಿತ್ತಿಲಿನ ಹಳೆಯ ಪದರ. ಸಂಜೆ, ಕಾಶಿ, ದೇವ, ಹಳದಿ ಎಂಬ ವಿಶೇಷಣವನ್ನು ಹೊತ್ತು ಅವುಗಳ ಆಸರೆಯಲ್ಲಿ ನಿಂತವು ಬಹುಮಟ್ಟಿಗೆ ಹೊಸ ಪದರ. ದುಂಡುಮಲ್ಲಿಗೆಯಂಥ ಅಪವಾದಗಳಿರುವುದರಿಂದ ಇದನ್ನು ನಿಯಮವೆನ್ನದೆ ಸೂಚನೆಯೆನ್ನುವುದು ಮೇಲು. ಹೆಸರು ಹಳೆಯದಾಗಿದ್ದು ಹೂವು ಬೇರೆಯಾಗಿರುವುದೂ ಉಂಟು. ಉತ್ತರದ ಭಾಷೆಗಳಲ್ಲಿ ‘ಸೇವತಿ’ ಎಂದರೆ ಒಂದು ಬಗೆಯ ಬಿಳಿಯ ಗುಲಾಬಿ. ಕನ್ನಡದಲ್ಲಿ ‘ಸೇವಂತಿಗೆ’ಯೆಂದರೆ ಚೀನ ದೇಶದ ಮೂಲದ, ಚಳಿಗಾಲದಲ್ಲಿ ಅರಳುವ ಬೇರೊಂದು ಹೂವು. ಹಳೆಯ ಗ್ರಂಥದಲ್ಲಿ ಆ ಶಬ್ದವನ್ನು ಕಂಡವರು ನಿಂತು ಯೋಚಿಸಬೇಕು. ಚಾಲುಕ್ಯರ ಅಥವಾ ಹೊಯ್ಸಳರ ಕಾಲವನ್ನು ಚಿತ್ರಿಸುವ ನಮ್ಮ ಕಾದಂಬರಿಗಳೂ ಚಲಚಿತ್ರಗಳೂ ಚೆಂಡುಹೂವಿನ ತೋರಣವನ್ನು ಧಾರಾಳವಾಗಿ ಕಟ್ಟುತ್ತವೆ. ಆ ಹೂವೂ ಮೆಕ್ಸಿಕೋದ್ದು. ಇಟಗಿಯ ಮಹಾದೇವ ದಂಡನಾಯಕನು ಅದನ್ನು ಕಂಡಿರಲಾರನು.

ಈ ಬಗೆಯ ಆಧಾರಕ್ಕೆ ಆಯುಷ್ಯ ಹೆಚ್ಚಿಲ್ಲವೆಂಬುದು ಚಿಂತೆಯ ವಿಷಯ. ಶಾಸನವು ಕಲ್ಲಿನಲ್ಲಿದೆ, ಹೆಸರು ಬಾಯಲ್ಲಿದೆ. ಹಿತ್ತಿಲಿಗೆ ಗಾರೆ ಬಿದ್ದು ಬಚ್ಚಲ ನೀರು ಚರಂಡಿಗೆ ಹೋಗುವ ಮನೆಗಳಲ್ಲಿ ಮಲ್ಲಿಗೆಯ ಬುಡ ಒಣಗುತ್ತದೆ. ಗಿಡ ಹೋದ ಮೇಲೆ ಆ ಮನೆಯಲ್ಲಿ ಅದಕ್ಕಿದ್ದ ಹೆಸರೂ ಹೋಗುತ್ತದೆ. ಸಸಿಗಳನ್ನು ಮಾರುವವರಿಂದ ತಂದ ಕುಂಡದ ಗಿಡಗಳು ಪರಭಾಷೆಯ ಹೆಸರಿನೊಡನೆಯೇ ಬರುತ್ತವೆ. ಅವಕ್ಕೆ ಕಾಶಿಯೆಂದೋ ಸಂಜೆಯೆಂದೋ ಸೇರಿಸಿ ಹೆಸರಿಡುವ ಅಭ್ಯಾಸ ಕ್ಷೀಣಿಸಿದೆ. ಆದುದರಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಮ್ಮ ತಮ್ಮ ಊರಿನ ಹಿತ್ತಿಲುಗಳನ್ನು ನೋಡಿ ನಾಲ್ಕು ವಿಷಯಗಳನ್ನು ಬರೆದುಕೊಂಡು ಬಂದರೆ ಮಹದುಪಕಾರವಾಗುತ್ತದೆ: ಗಿಡಕ್ಕೆ ಆ ಮನೆಯ ಹಿರಿಯ ಹೆಂಗಸು ಹೇಳುವ ಹೆಸರು, ಅದಕ್ಕೆ ನೀರು ಬರುವ ದಾರಿ, ಅದು ಅರಳುವ ಹೊತ್ತು, ಮತ್ತು ಅದು ದೇವರಿಗೋ ಮುಡಿಗೋ ಎಂಬುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಇಂಥ ಪಟ್ಟಿಗಳು ಒಟ್ಟಿಗೆ ದೊರೆತರೆ ಕಾಲುವೆಯ ನೀರು ಕಂಡ ಊರುಗಳಿಗೂ ಬಾವಿಯ ನೀರನ್ನೇ ನಂಬಿದ ಊರುಗಳಿಗೂ ಇರುವ ಭೇದವನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ. ಅಬ್ಬಲಿಗೆಯು ಎಷ್ಟು ದೂರದವರೆಗೆ ಅಬ್ಬಲಿಗೆಯಾಗಿದ್ದು ಯಾವ ಊರಿನಿಂದ ಮುಂದೆ ಕನಕಾಂಬರವಾಗುತ್ತದೆಂಬುದನ್ನು ಮೊದಲು ಗುರುತಿಸಬಹುದು. ಅದಕ್ಕೆ ಒಂದು ಬೇಸಗೆ ಸಾಕು.